ಸಿಲಿಕಾನ್ ಕುಲುಮೆಯ ಪಾಠ ನೋಟ್‌ಬುಕ್ಕಿಗೆ ಬಂದ ಬಗೆ

ಈ ನಾಡಿಗೆ ಬಂದ ಕನ್ನಡಿಗರಲ್ಲಿ ಸಿಲಿಕಾನಿನ ಅನ್ನ ಉಣ್ಣುವವರು ಬಹಳ ಮಂದಿ. ಆದರೂ ಆ ಸಿಲಿಕಾನ್ ಬಿಲ್ಲೆಯ ಮೇಲೆ ನಡೆಯುವ ಸಂಸ್ಕಾರಗಳನ್ನು ಕಣ್ಣಾರೆ ಕಂಡವರು ವಿರಳ. ಧೂಳಿನ ಕಣಕ್ಕೂ ಪ್ರವೇಶ ಕೊಡದ ಆ ಕೋಣೆಗಳ ಬಾಗಿಲು ಎಲ್ಲರಿಗೂ ತೆರೆಯುವಂಥದಲ್ಲ. ಇತಿಹಾಸವನ್ನು ಓದಿ ಮನೆವಾರ್ತೆಯಲ್ಲಿ ನೆಲೆನಿಂತ ನನ್ನಂಥವಳಿಗೆ, ಈ ವಿದ್ಯೆ ಬಾಗಿಲು ದಾಟಿ ಹೊರಬಂದ ಕಥೆಯೇ ಹೆಚ್ಚು ಸ್ವಾರಸ್ಯಕರವಾಗಿ ಕಂಡಿದೆ.

ಕಥೆಯ ಮೊದಲಿಗೆ ಒಂದು ಅವಘಡವಿದೆ. 1955ರಲ್ಲಿ ಬೆಲ್ ಪ್ರಯೋಗಶಾಲೆಯ ಫ್ರಾಷ್ ಮತ್ತು ಡೆರಿಕ್ ಅವರ ಕುಲುಮೆಯಲ್ಲಿ ಜಲಜನಕ ಹೊತ್ತಿಕೊಂಡು ನೀರಾವಿಯಾಯಿತು. ಬಿಲ್ಲೆಯ ಮೇಲೆ ಗಾಜಿನಂಥ ಆಕ್ಸೈಡ್ ಪದರ ಬೆಳೆದಿತ್ತು. ಹಾಳಾಯಿತೆಂದು ಬಿಸಾಡದೆ ಅವರು ಅದನ್ನು ಪರೀಕ್ಷಿಸಿ, ಬೇಡದ ಕಡೆ ಬೆರಕೆ ವಸ್ತುಗಳನ್ನು ತಡೆಯುವ ಕವಚವಾಗಿ ಅದು ಒದಗಬಲ್ಲದೆಂದು ಕಂಡುಕೊಂಡರು. 1959ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಜೀನ್ ಹೋರ್ನಿ ರೂಪಿಸಿದ ಸಮತಲ ವಿಧಾನ ನಿಂತದ್ದು ಈ ಪದರದ ಆಸರೆಯಲ್ಲಿಯೇ.

ಪದರ ಎಷ್ಟು ಹೊತ್ತಿಗೆ ಎಷ್ಟು ಬೆಳೆದೀತು? 1965ರಲ್ಲಿ ಅದೇ ಕಂಪನಿಯ ಬ್ರೂಸ್ ಡೀಲ್ ಮತ್ತು ಆಂಡ್ರ್ಯೂ ಗ್ರೋವ್ ಇದಕ್ಕೊಂದು ಸಮೀಕರಣವನ್ನು ಪ್ರಕಟಿಸಿದರು. ಈ ಗ್ರೋವ್ ಹಂಗೇರಿಯಿಂದ ನಿರಾಶ್ರಿತರಾಗಿ 1957ರಲ್ಲಿ ಅಮೆರಿಕಕ್ಕೆ ಬಂದಿಳಿದವರು; ಮುಂದೆ ಇಂಟೆಲ್ ಸಂಸ್ಥೆಯ ಸಾರಥ್ಯ ವಹಿಸಿದವರು. ಅವರ ತರ್ಕ ಸರಳ: ಹೊಸದಾಗಿ ಬರುವ ಆಮ್ಲಜನಕ ಈಗಾಗಲೇ ಬೆಳೆದ ಪದರವನ್ನು ತೂರಿಕೊಂಡೇ ಸಿಲಿಕಾನನ್ನು ಮುಟ್ಟಬೇಕು. ಆದ್ದರಿಂದ ಪದರ ದಪ್ಪವಾದಷ್ಟೂ ಬೆಳವಣಿಗೆ ನಿಧಾನ.

ಇಂಥ ಸಮೀಕರಣಗಳನ್ನು ಪೋಣಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1977ರಲ್ಲಿ 'ಸುಪ್ರೆಮ್' ಎಂಬ ಗಣಕಕ್ರಮವನ್ನು ಹೊರತಂದರು. ಅದು ಬಲ್ಲವರ ಸಾಧನವಾಗಿತ್ತು. ಹೊಸಬನ ಕೈಗೆ ಬೇಕಾದದ್ದು ಬೇರೆ: ವಿವರಣೆ, ಲೆಕ್ಕ, ಚಿತ್ರ ಮೂರೂ ಒಂದೇ ಪುಟದಲ್ಲಿರಬೇಕು, ಅಂಕಿ ಬದಲಿಸಿದೊಡನೆ ಚಿತ್ರವೂ ಬದಲಾಗಬೇಕು. 1988ರ ಮ್ಯಾಥಮ್ಯಾಟಿಕಾದಲ್ಲಿ ಅಂಥ ನೋಟ್‌ಬುಕ್ ಇತ್ತು, ಆದರೆ ಹಣ ತೆರಬೇಕಿತ್ತು. ಫರ್ನಾಂಡೊ ಪೆರೆಜ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ 2001ರಲ್ಲಿ ಆರಂಭಿಸಿದ 'ಐಪೈಥಾನ್' 2011ರಲ್ಲಿ ನೋಟ್‌ಬುಕ್ಕಿನ ರೂಪ ತಳೆದು, 2014ರಲ್ಲಿ 'ಜುಪಿಟರ್' ಯೋಜನೆಯಾಯಿತು. ಇದು ಉಚಿತ. ಗುರುಗ್ರಹದ ಚಂದ್ರರನ್ನು ಗೆಲಿಲಿಯೊ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡದ್ದರ ನೆನಪೂ ಆ ಹೆಸರಿನಲ್ಲಿದೆ.

ಇಂದು ವಿದ್ಯಾರ್ಥಿನಿಯೊಬ್ಬಳು ಈ ಪುಟದಲ್ಲಿ ಡೀಲ್-ಗ್ರೋವ್ ಸಮೀಕರಣವನ್ನು ನಾಲ್ಕಾರು ಸಾಲುಗಳಲ್ಲಿ ಬರೆದು, 1000 ಡಿಗ್ರಿ ಸೆಲ್ಸಿಯಸ್, ಒಣ ಆಮ್ಲಜನಕ, 1 ಗಂಟೆ ಎಂದು ಕೊಟ್ಟರೆ ಸುಮಾರು 0.07 ಮೈಕ್ರಾನ್ ಎಂಬ ಉತ್ತರ ಬರುತ್ತದೆ. 4 ಗಂಟೆ ಎಂದರೆ 0.28 ಅಲ್ಲ, ಸುಮಾರು 0.16 ಮಾತ್ರ. ಆಮ್ಲಜನಕದ ಬದಲು ನೀರಾವಿ ಎಂದರೆ 1 ಗಂಟೆಗೇ 0.4ನ್ನು ಮೀರುತ್ತದೆ. ಬಿಲ್ಲೆ ಒಡೆಯದೆ, ಕುಲುಮೆ ಕಾಯದೆ ಇಷ್ಟು ತಿಳಿವು ದೊರೆಯುವುದು ಸಣ್ಣ ಮಾತಲ್ಲ.

ಆದರೆ ಒಣ ಆಮ್ಲಜನಕದಲ್ಲಿ ತೀರ ತೆಳುವಾದ ಪದರ ಬೆಳೆಯುವ ವೇಗವನ್ನು ಈ ಸಮೀಕರಣ ಸರಿಯಾಗಿ ಹೇಳದು. ನೋಟ್‌ಬುಕ್ ಮಾತ್ರ ಅಲ್ಲಿಯೂ ನುಣುಪಾದ ಗೆರೆಯನ್ನೇ ಎಳೆದು ತೋರಿಸುತ್ತದೆ. ಆಕ್ಸೈಡನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲವನ್ನು ಎಷ್ಟು ಎಚ್ಚರದಿಂದ ಮುಟ್ಟಬೇಕೆಂಬುದನ್ನೂ ಅದು ಕೈಗೆ ಕಲಿಸದು. ಅದಕ್ಕೆ ನಿಜವಾದ ಪ್ರಯೋಗಶಾಲೆಯೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಐಐಟಿಯಲ್ಲಿ 2008ರಲ್ಲಿ ಆರಂಭವಾದ ಬಳಕೆದಾರರ ಕಾರ್ಯಕ್ರಮ, ಬೇರೆ ಕಾಲೇಜುಗಳ ಸಂಶೋಧಕರಿಗೂ ಆ ಬಾಗಿಲನ್ನು ತೆರೆಯಿತು. ಊರಿನಲ್ಲೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿಕೊಂಡು ಹೋದವಳಿಗೆ, ಕುಲುಮೆಯ ಮುಂದೆ ನಿಂತಾಗ ಏನನ್ನು ಕೇಳಬೇಕೆಂಬುದಾದರೂ ಗೊತ್ತಿರುತ್ತದೆ.