ಸಂಬಂಧಗಳ ಸಂಕ್ರಮ ಮತ್ತು ಅಸಂಕ್ರಮ

ಅನ್ನಪೂರ್ಣೇಶ್ವರಿ ನಗರವು ಬೆಂಗಳೂರಿನಲ್ಲಿರುವುದು, ಬೆಂಗಳೂರು ಕರ್ನಾಟಕದಲ್ಲಿರುವುದು. ಆದುದರಿಂದ ಆ ಬಡಾವಣೆಯು ಕರ್ನಾಟಕದಲ್ಲಿರುವುದೆಂಬುದನ್ನು ಯಾರೂ ಅಲ್ಲಗಳೆಯರು. ಇಂತು ದಾಟಿಹೋಗುವ ಸಂಬಂಧವು ಸಂಕ್ರಮವುಳ್ಳದ್ದು. ತಂದೆಯ ತಂದೆಯಾದರೋ ತಂದೆಯಲ್ಲ, ಅಜ್ಜನು; ಪಿತೃತ್ವವು ಎಂದೂ ದಾಟದು, ಅದು ಅಸಂಕ್ರಮ. ಕೆಲವೆಡೆ ದಾಟಿ ಕೆಲವೆಡೆ ದಾಟದಿರುವ ಮೂರನೆಯ ಬಗೆಯೂ ಉಂಟು. ಇದನ್ನು ಎರಡನೆಯದರೊಡನೆ ಬೆರಸುವುದೇ ಸಾಮಾನ್ಯವಾದ ಪ್ರಮಾದ.

ನೈಯಾಯಿಕರ ಸಮವಾಯವು ಇವುಗಳಲ್ಲಿ ಯಾವುದು? ರೂಪತ್ವವು ರೂಪದಲ್ಲಿ ಸಮವೇತ, ರೂಪವು ಘಟದಲ್ಲಿ ಸಮವೇತ. ಆದರೂ ರೂಪತ್ವವು ಘಟದಲ್ಲಿ ಸಮವೇತವಲ್ಲ. ಆದುದರಿಂದಲೇ ತರ್ಕಸಂಗ್ರಹಕಾರನಾದ ಅನ್ನಂಭಟ್ಟನು ರೂಪದ ಪ್ರತ್ಯಕ್ಷಕ್ಕೆ ಸಂಯುಕ್ತಸಮವಾಯವನ್ನೂ ರೂಪತ್ವದ ಪ್ರತ್ಯಕ್ಷಕ್ಕೆ ಸಂಯುಕ್ತಸಮವೇತಸಮವಾಯವನ್ನೂ ಬೇರೆಬೇರೆಯಾಗಿ ಎಣಿಸಿದನು. ಇಷ್ಟನ್ನೇ ನೋಡಿ ಸಮವಾಯವು ಅಸಂಕ್ರಮವೆಂದು ನಿರ್ಣಯಿಸುವುದು ಆತುರದ ಮಾತು. ಸತ್ತೆಯೆಂಬ ಜಾತಿಯು ರೂಪದಲ್ಲಿಯೂ ಸಮವೇತ, ಆ ರೂಪಕ್ಕೆ ಆಶ್ರಯವಾದ ಘಟದಲ್ಲಿಯೂ ನೇರವಾಗಿಯೇ ಸಮವೇತ. ಆದಕಾರಣ ಸಮವಾಯವು ಮೂರನೆಯ ಬಗೆಗೆ ಸೇರತಕ್ಕದ್ದು.

ಗ್ರಂಥಾಲಯಶಾಸ್ತ್ರದಲ್ಲಿ ಇದೇ ಪ್ರಶ್ನೆಯು ಬೇರೆ ವೇಷದಲ್ಲಿ ತಲೆದೋರಿತು. 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾದ ಅದು ಈಗ ಮೈಸೂರು ರಸ್ತೆಯಲ್ಲಿ, ಮೇಲೆ ಹೇಳಿದ ಬಡಾವಣೆಗೆ ಅನತಿದೂರದಲ್ಲಿರುವುದು. ವರ್ಗಗಳ ಸರಪಣಿಯಲ್ಲಿ ನಡುವಣ ಕೊಂಡಿಯೊಂದೂ ತಪ್ಪಕೂಡದೆಂಬುದು ಅವರ ಸೂತ್ರಗಳಲ್ಲೊಂದು. ಖಂಡದ ಕೆಳಗೆ ದೇಶ, ದೇಶದ ಕೆಳಗೆ ರಾಜ್ಯ. ಖಂಡದ ಕೆಳಗೆ ನೆಟ್ಟಗೆ ರಾಜ್ಯವನ್ನಿಡುವುದು ದೋಷ. ಒಳಪಡುವಿಕೆಯು ದಾಟುವುದು, ಅವ್ಯವಹಿತವಾದ ಒಳಪಡುವಿಕೆಯು ದಾಟದು. ವಸ್ತುಗಳು ಅವೇ, ಸಂಬಂಧ ಮಾತ್ರ ಬೇರೆ.

ಯಂತ್ರಕ್ಕೆ ಈ ವಿವೇಕವು ತಾನಾಗಿ ಬಾರದು. ವರ್ಲ್ಡ್ ವೈಡ್ ವೆಬ್ ಒಕ್ಕೂಟವು 2009ರಲ್ಲಿ ಅಂಗೀಕರಿಸಿದ ಸ್ಕಾಸ್ ವ್ಯವಸ್ಥೆಯಲ್ಲಿ ‘ವಿಶಾಲತರ’ವೆಂಬ ಸಂಬಂಧವನ್ನು ಸಂಕ್ರಮವೆಂದು ಸಾರಲಿಲ್ಲ, ದಾಟತಕ್ಕ ‘ವಿಶಾಲತರ’ವನ್ನು ಪ್ರತ್ಯೇಕವಾಗಿ ಇಟ್ಟರು. ಸಾರದೆ ಬಿಟ್ಟುದು ನಿಷೇಧವಲ್ಲವೆಂಬುದು ಇಲ್ಲಿ ಗಮನಿಸತಕ್ಕದ್ದು. ಅದೇ ವರ್ಷ ಅಂಗೀಕೃತವಾದ ಔಲ್ 2 ಭಾಷೆಯಲ್ಲಿ ಸಂಕ್ರಮವನ್ನು ಘೋಷಿಸಲು ಪದವುಂಟು, ಅಸಂಕ್ರಮವನ್ನು ಘೋಷಿಸಲು ಪದವಿಲ್ಲ. ಪಿತೃತ್ವವನ್ನು ಸಂಕ್ರಮವೆಂದು ಒಮ್ಮೆ ಬರೆದುಬಿಟ್ಟರೆ ವಂಶಾವಳಿಯ ಅಜ್ಜ ಮುತ್ತಜ್ಜಂದಿರೆಲ್ಲರೂ ತಂದೆಗಳಾಗುವರು, ಯಂತ್ರವು ನಾಚದು. ಸುಮ್ಮನೆ ಬಿಟ್ಟರೂ ಕ್ಷೇಮವಿಲ್ಲ: ಬೇರೊಂದು ನಿಯಮವನ್ನು ಸೇರಿಸದಿದ್ದರೆ, ಅಜ್ಜನನ್ನು ತಂದೆಯೆಂದು ಬರೆದ ಲಿಪಿಕಾರನ ತಪ್ಪನ್ನು ಅದು ಹಿಡಿಯಲಾರದು.