ರುಜು ಇಲ್ಲದ ಕೈಗಳು

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಕೆಲವು ಶಿಲ್ಪಿಗಳ ಹೆಸರುಗಳಿವೆ. ಅವರಲ್ಲಿ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವಿಯವರು. ಅಂದರೆ ಇಂದಿನ ಶಿಕಾರಿಪುರ ತಾಲ್ಲೂಕಿನವರು. ಹನ್ನೆರಡನೆಯ ಶತಮಾನದಲ್ಲಿ ಕೆಲಸಕ್ಕೆಂದು ಅಷ್ಟು ದೂರ ಹೋದವರು, ತಾವು ಮಾಡಿದ್ದರ ಕೆಳಗೆ ಹೆಸರು ಬಿಟ್ಟು ಬಂದರು.

ನನ್ನ ಸಂಶೋಧನೆ ಈ ಸೀಮೆಯ ಕುಶಲಕರ್ಮಿಗಳ ಚರಿತ್ರೆಯ ಮೇಲೆ. ಬಳ್ಳಿಗಾವಿಯ ಕಲ್ಲಿನಿಂದ ಹೊರಟು ಸೊರಬದ ಗುಡಿಗಾರರ ಗಂಧದ ಕೆತ್ತನೆಗೆ ಬಂದು ಮುಗಿಸೋಣ ಎಂದುಕೊಂಡಿದ್ದೆ. ಹಾಗೆ ಮುಗಿಸಲು ಬಿಡದವರು ಶಿಕಾರಿಪುರದ ಒಬ್ಬ ಹಳೆಯ ವೈರ್‌ಮನ್. ಎಪ್ಪತ್ತು ದಾಟಿದ ಅವರು ನನ್ನ ವಿಷಯವನ್ನೆಲ್ಲ ಕೇಳಿ, "ನಮ್ದೂ ಕಸುಬಲ್ವೇನೋ ಮಾರಾಯ? ನಿನ್ನ ಪುಸ್ತಕದಾಗೆ ನಾವಿಲ್ವಲ್ಲ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ಜಿಲ್ಲೆಯ ಕರೆಂಟಿನ ಚರಿತ್ರೆ ನಮಗೆಲ್ಲ ಗೊತ್ತಿದೆ. 1940ರ ದಶಕದ ಕೊನೆಗೆ ಜೋಗದಲ್ಲಿ ವಿದ್ಯುದಾಗಾರ ಬಂತು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ಆಮೇಲೆ ಬಡವರ ಮನೆಗೆ ಒಂದು ಬಲ್ಬಿನ ಭಾಗ್ಯಜ್ಯೋತಿ. ಸೊರಬದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್. ಯಾರ ಮುಳುಗಡೆಯಿಂದ ಬಂತು, ಯಾರು ಕೊಟ್ಟರು ಎಂಬುದು ಜನರ ನೆನಪಿನಲ್ಲಿದೆ. ಆ ಕರೆಂಟನ್ನು ಮನೆಯೊಳಗೆ ತಂದ ಕೈಗಳು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಆ ಅಜ್ಜ 1960ರ ದಶಕದ ಕೊನೆಗೆ ಒಬ್ಬ ಮೇಸ್ತ್ರಿಯ ಹಿಂದೆ ಏಣಿ ಹೊತ್ತುಕೊಂಡು ಕಲಿತವರು. ಗೋಡೆಗೆ ಮರದ ಪಟ್ಟಿ ಹೊಡೆದು, ಅದರ ಮೇಲೆ ಕ್ಲಿಪ್ಪಿನಲ್ಲಿ ವೈರು ಎಳೆಯುವ ಕಾಲ ಅದು. ಪಂಪ್‌ಸೆಟ್ಟುಗಳು ಹೆಚ್ಚಿದ ಮೇಲೆ ಮೋಟಾರ್ ರಿವೈಂಡಿಂಗ್ ಕಲಿತರು. ವೋಲ್ಟೇಜ್ ಇಳಿದಾಗ ಮೋಟಾರು ಅದೇ ನೀರೆತ್ತಲು ಹೆಚ್ಚು ಕರೆಂಟು ಎಳೆಯುತ್ತದೆ, ಸುರುಳಿ ಕಾದು ಸುಡುತ್ತದೆ. ಇದನ್ನವರು ಯಾವ ಪುಸ್ತಕದಲ್ಲೂ ಓದಲಿಲ್ಲ; ಸುಟ್ಟ ವಾರ್ನಿಷಿನ ವಾಸನೆಯಿಂದ ತಿಳಿದರು.

ಅವರ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಆಫ್ ಮಾಡಿದ್ದ ಲೈನನ್ನು ಆ ತುದಿಯಲ್ಲಿ ಯಾರೋ ಆನ್ ಮಾಡಿದ್ದರು. ಆಗ ಅವರು ಗುತ್ತಿಗೆದಾರರೊಬ್ಬರ ಕೆಳಗೆ ಕೆಲಸಕ್ಕಿದ್ದರು. ಪರಿಹಾರ ಕೇಳಿದರೆ, ಕಾಗದದಲ್ಲಿ ಇವರ ಹೆಸರೇ ಇರಲಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಂತೆ ವೈರಿಂಗ್ ಮಾಡಿಸಬೇಕಾದ್ದು ಪರವಾನಗಿ ಪಡೆದ ಗುತ್ತಿಗೆದಾರ. ಸುರಕ್ಷತೆಗಾಗಿಯೇ ಮಾಡಿದ ನಿಯಮ, ತಪ್ಪಲ್ಲ. ಆದರೆ ಊರಿನಲ್ಲಿ ಅದು ನಡೆದ ರೀತಿ ಬೇರೆ. "ಕೆಲಸ ನಂದು, ರುಜು ಅವರ್ದು" ಎಂದು ಅಜ್ಜ ಒಂದೇ ಮಾತಿನಲ್ಲಿ ಹೇಳಿದರು.

ಇದು ಮುಗಿದ ಕಥೆಯಲ್ಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳ ಚಾವಣಿಗೆ ಸೌರಫಲಕ. ಸೊರಬದ ಕಡೆ ಅಡಿಕೆ ಬೆಳೆಗಾರರೊಬ್ಬರ ಮನೆಯ ಮೇಲೂ ಫಲಕಗಳನ್ನು ನೋಡಿದೆ. ಅಜ್ಜನ ಕಸುಬಿನ ಮೊದಲ ಪಾಠ, ಮೇನ್ ಆಫ್ ಮಾಡಿ ಕೈ ಹಾಕು ಎಂಬುದು. ಸೌರಫಲಕಕ್ಕೆ ಆ ಪಾಠ ಸಾಲದು. ಬಿಸಿಲಿರುವಷ್ಟು ಹೊತ್ತೂ ಫಲಕದ ವೈರಿನಲ್ಲಿ ಡಿಸಿ ವಿದ್ಯುತ್ ಜೀವಂತವಾಗಿರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಬಾರಿ ಸೊನ್ನೆಗಿಳಿಯುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಡಿಸಿಯ ಕಿಡಿ ಹಾಗೆ ಸುಲಭಕ್ಕೆ ಆರುವುದಿಲ್ಲ. ಕಸುಬು ಮತ್ತೆ ಹೊಸದಾಗಿ ಕಲಿಯಬೇಕಾದ ಹೊತ್ತು ಬಂದಿದೆ.

ಕಲಿಯುವವರು ಯಾರು? ಅಜ್ಜನ ಮೊಮ್ಮಗ ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದ್ದಾನೆ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಲಿಫ್ಟು, ಜನರೇಟರು ನೋಡಿಕೊಳ್ಳುತ್ತಾನೆ. 2024ರಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ 2,975 ಹುದ್ದೆಗಳಿಗೆ ಅರ್ಜಿ ಕರೆದಾಗ ಅವನೂ ಹಾಕಿದ್ದ. ಹೆಚ್ಚಿನವು ಕಿರಿಯ ಪವರ್‌ಮ್ಯಾನ್ ಹುದ್ದೆಗಳು. ಕೇಳಿದ್ದು ಎಸ್ಸೆಸ್ಸೆಲ್ಸಿ ಮತ್ತು ಕಂಬ ಹತ್ತುವ ಶಕ್ತಿ. ಕಂಬ ಹತ್ತುವುದು ಬೇಕೇ ಬೇಕು, ನಿಜ. "ಹಾಗಾದ್ರೆ ನಾನು ಎರಡು ವರ್ಷ ಕಲಿತಿದ್ದು ಯಾವ ಲೆಕ್ಕಕ್ಕೆ?" ಎಂದು ಫೋನಿನಲ್ಲಿ ಅವನು ಕೇಳಿದ ಪ್ರಶ್ನೆಯೂ ಅಷ್ಟೇ ನಿಜ.

ನಾಳೆ ನಮ್ಮ ತಾಲ್ಲೂಕುಗಳಿಗೆ ಎಷ್ಟು ಎಲೆಕ್ಟ್ರಿಷಿಯನ್‌ಗಳು ಬೇಕಾಗುತ್ತಾರೆ ಎಂದು ಲೆಕ್ಕ ಹಾಕುವವರು ಹಾಕಲಿ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಇಷ್ಟು: ಮಾಡಿದವನ ಹೆಸರು ಕಾಗದದ ಮೇಲೆ ಬಾರದ ಕಸುಬಿಗೆ ಮಕ್ಕಳು ಬರುವುದಿಲ್ಲ. ಕೈಯಲ್ಲಿ ಕಲಿತವರ ಕೈಗೆ ಅವರ ತಾಲ್ಲೂಕಿನಲ್ಲೇ, ಕನ್ನಡದಲ್ಲೇ ಪರೀಕ್ಷೆ ಮಾಡಿ ಪರ್ಮಿಟ್ಟು ಕೊಡಬೇಕು. ಹೊಸ ಕೋರ್ಸುಗಳು ಅದರ ಜೊತೆಗೆ ಬರಲಿ.

ಕಳೆದ ವಾರ ಮತ್ತೆ ಹೋದಾಗ ಅಜ್ಜನಿಗೆ ದಾಸೋಜನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಹೆಸರು ಕೆತ್ತಾಕೆ ಬಿಟ್ರಲ್ಲ, ದೊಡ್ಡೋರು" ಎಂದರು. ಆಮೇಲೆ ತಾವು ವೈರಿಂಗ್ ಮಾಡಿದ ಮನೆಗಳನ್ನು ಬೀದಿಬೀದಿಯಾಗಿ ಹೇಳುತ್ತಾ ಹೋದರು. ಅರವತ್ಮೂರು ಮನೆ ಬರೆದುಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಉಳಿದವನ್ನು ನಾಳೆ ಬರೆಯಬೇಕು.