ಮೂವರ ಮುಂದೆ ಒಂದು ಮಾತು

ಫ್ರಾನ್ಸಿನ ಲಿಯಾನ್ ನಗರದಲ್ಲಿ ಎಮೆ ಪಾಲಿಯೇರ್ ಎಂಬ ಕ್ಯಾಥೊಲಿಕ್ ತರುಣನೊಬ್ಬನಿದ್ದ. 1868ರಲ್ಲಿ ಹುಟ್ಟಿದವನು, ಪಾದ್ರಿಯಾಗುವ ಹಂಬಲದಲ್ಲಿ ಬೆಳೆದವನು. ಹದಿನೇಳರ ಹರೆಯದಲ್ಲಿ, ಯೆಹೂದ್ಯರ ಪ್ರಾಯಶ್ಚಿತ್ತ ದಿನದ ಕಡೆಯ ಪ್ರಾರ್ಥನೆ ನಡೆಯುತ್ತಿದ್ದ ಹೊತ್ತಿನಲ್ಲಿ, ಅವನು ಆ ಊರಿನ ಸಿನಗಾಗಿನೊಳಗೆ ಕಾಲಿಟ್ಟ. ಅಲ್ಲಿ ಕಂಡದ್ದು ಅವನನ್ನು ಬಾಳಿನುದ್ದಕ್ಕೂ ಬಿಡಲಿಲ್ಲ. ಮುಂದೆ ಯೆಹೂದ್ಯ ಧರ್ಮವನ್ನೇ ಸೇರಬೇಕೆಂಬ ಬಯಕೆಯಿಂದ ಇಟಲಿಯ ಲಿವೊರ್ನೊ ನಗರದ ರಬ್ಬಿ ಎಲಿಯಾ ಬೆನಮೊಜೆಗ್‌ನಿಗೆ ಪತ್ರ ಬರೆದ. ಇಂಥ ಶಿಷ್ಯ ದೊರೆತರೆ ಯಾವ ಗುರುವಾದರೂ ಕೈಚಾಚಿ ಬರಮಾಡಿಕೊಳ್ಳುತ್ತಾನೆಂದು ನಾವು ಎಣಿಸುತ್ತೇವೆ. ಬೆನಮೊಜೆಗ್‌ನು ಹಾಗೆ ಮಾಡಲಿಲ್ಲ. ನೀನು ಯೆಹೂದ್ಯನಾಗಬೇಕಾಗಿಲ್ಲ, ನಮ್ಮ ಶಾಸ್ತ್ರದಲ್ಲಿ ನಿನಗೆ ಬೇರೊಂದು ಸ್ಥಾನವಿದೆ ಎಂದು ತಿಳಿಸಿದ.

ಆ ಸ್ಥಾನ ನೋಹನ ಮಕ್ಕಳದು. ಜಲಪ್ರಳಯದಲ್ಲಿ ಉಳಿದವನು ನೋಹನಾದ್ದರಿಂದ ಮನುಷ್ಯರೆಲ್ಲರೂ ಅವನ ಮಕ್ಕಳೇ. ಅವರೆಲ್ಲರಿಗೂ ಏಳು ವಿಧಿಗಳಿವೆ ಎಂದು ತಾಲ್ಮುಡ್ ಹೇಳುತ್ತದೆ. ವಿಗ್ರಹಾರಾಧನೆ, ದೇವನಿಂದೆ, ಕೊಲೆ, ವ್ಯಭಿಚಾರ, ಕಳವು ಇವು ಕೂಡವು, ಜೀವವಿರುವ ಪ್ರಾಣಿಯಿಂದ ಕಿತ್ತ ಮಾಂಸವನ್ನು ತಿನ್ನಕೂಡದು, ನ್ಯಾಯಸ್ಥಾನಗಳನ್ನು ಸ್ಥಾಪಿಸಬೇಕು. ಯೆಹೂದ್ಯರು ತಮಗಾಗಿ ಎಣಿಸಿಕೊಂಡ ವಿಧಿಗಳು 613. ಉಳಿದ ಜಗತ್ತಿಗೆ ಏಳು ಸಾಕು.

ಆದರೆ ಈ ಏಳನ್ನು ಸುಮ್ಮನೆ ಪಾಲಿಸುವುದು ಬೇರೆ, ಪಾಲಿಸುತ್ತೇನೆಂದು ಒಪ್ಪಿಕೊಳ್ಳುವುದು ಬೇರೆ. ಹೀಗೆ ಒಪ್ಪಿಕೊಂಡು ಇಸ್ರಾಯೇಲರ ನಾಡಿನಲ್ಲಿ ನೆಲಸುವ ಪರದೇಶಿಗೆ ‘ಗೇರ್ ತೋಶಾವ್’ ಎಂದು ಹೆಸರು. ಒಪ್ಪಿಗೆಯ ಕ್ರಮ ಬಹಳ ಸರಳ: ಶಾಸ್ತ್ರನಿಷ್ಠರಾದ ಮೂವರ ಮುಂದೆ ನಿಂತು ಹೇಳಿದರಾಯಿತು. ಸುನ್ನತಿಯಿಲ್ಲ, ಯೆಹೂದ್ಯನಾಗುವವನಿಗೆ ವಿಧಿಸುವ ಸ್ನಾನವಿಲ್ಲ. ಏನನ್ನು ಒಪ್ಪಬೇಕೆಂಬುದರಲ್ಲಿ ಮಾತ್ರ ಪೂರ್ವಿಕರಲ್ಲಿ ಭಿನ್ನಾಭಿಪ್ರಾಯವಿತ್ತು. ವಿಗ್ರಹಗಳನ್ನು ಬಿಟ್ಟರೆ ಸಾಕೆಂದು ರಬ್ಬಿ ಮೇಯಿರನ ಮತ; ಏಳನ್ನೂ ಒಪ್ಪಬೇಕೆಂದು ಉಳಿದ ಪಂಡಿತರ ಮತ. ಎರಡನೆಯದೇ ನಿಂತಿತು.

ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಮೈಮೊನಿಡೀಸನು ತನ್ನ ಧರ್ಮಸಂಹಿತೆಯಲ್ಲಿ ಇದಕ್ಕೆ ಎರಡು ಕಟ್ಟುಗಳನ್ನು ಹಾಕಿದ. ಐವತ್ತು ವರ್ಷಕ್ಕೊಮ್ಮೆ ಬರುವ ಜೂಬಿಲಿ ವರ್ಷದ ಆಚರಣೆ ಜಾರಿಯಲ್ಲಿರುವ ಕಾಲದಲ್ಲಿ ಮಾತ್ರ ಗೇರ್ ತೋಶಾವ್‌ನನ್ನು ಸ್ವೀಕರಿಸಬಹುದು ಎಂಬುದು ಒಂದು. ಆ ಆಚರಣೆ ಎಂದೋ ನಿಂತುಹೋಗಿತ್ತು. ಎಂದರೆ ಬಾಗಿಲು ಇದ್ದೂ ಅಗುಳಿ ಬಿದ್ದಿತ್ತು. ಇನ್ನೊಂದು ಕಟ್ಟು ಮನಸ್ಸಿಗೆ ಸಂಬಂಧಿಸಿದ್ದು. ಈ ವಿಧಿಗಳನ್ನು ದೇವರು ಮೋಶೆಯ ಮೂಲಕ ತಿಳಿಸಿದನೆಂದು ನಂಬಿ ಪಾಲಿಸುವವನು ಜನಾಂಗಗಳ ಸಜ್ಜನರಲ್ಲಿ ಒಬ್ಬ, ಅವನಿಗೆ ಪರಲೋಕದಲ್ಲಿ ಪಾಲುಂಟು. ಕೇವಲ ಬುದ್ಧಿಗೆ ಸರಿಕಂಡಿತೆಂದು ಪಾಲಿಸುವವನು ಆ ಸಜ್ಜನರ ಪಂಕ್ತಿಯಲ್ಲಿಲ್ಲ.

ಹಾಗಾದರೆ ಅವನು ಯಾರು? ಅಚ್ಚಾದ ಪ್ರತಿಗಳಲ್ಲಿ, ‘ಅವರ ಜ್ಞಾನಿಗಳಲ್ಲಿಯೂ ಒಬ್ಬನಲ್ಲ’ ಎಂದಿದೆ. ಕೆಲವು ಹಸ್ತಪ್ರತಿಗಳಲ್ಲಿ, ‘ಅವರ ಜ್ಞಾನಿಗಳಲ್ಲಿ ಒಬ್ಬ’ ಎಂದಿದೆ. ಹೀಬ್ರೂವಿನಲ್ಲಿ ಈ ಎರಡು ಪಾಠಗಳ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಹಸ್ತಪ್ರತಿಗಳೊಡನೆ ಏಗಿದವರಿಗೆ ಇಂಥದು ಹೊಸದಲ್ಲ. ಆದರೆ ಲಿಪಿಕಾರನ ಒಂದು ಅಕ್ಷರ ಇಷ್ಟು ಜನರನ್ನು ಹೊರಗೆ ನಿಲ್ಲಿಸಿದ ನಿದರ್ಶನಗಳು ವಿರಳ. ತರ್ಕವನ್ನು ಅಷ್ಟು ಗೌರವಿಸಿದ ಮೈಮೊನಿಡೀಸನು ಎರಡನೆಯದನ್ನೇ ಬರೆದಿರಬೇಕೆಂದು ನನಗೆ ತೋರುತ್ತದೆ.

1670ರಲ್ಲಿ ಸ್ಪಿನೋಜನು ಈ ವಾಕ್ಯವನ್ನು ಎತ್ತಿ ತೋರಿಸಿದ. 1773ರಲ್ಲಿ ಬರ್ಲಿನ್ನಿನ ತತ್ತ್ವಜ್ಞ ಮೋಸೆಸ್ ಮೆಂಡೆಲ್ಸನ್ನನು ಇದನ್ನು ಕುರಿತು ರಬ್ಬಿ ಯಾಕೊಬ್ ಎಮ್ಡೆನ್ನನಿಗೆ ಬರೆದ ಪತ್ರದಲ್ಲಿ ನಿಜವಾದ ಸಂಕಟವಿದೆ. ಮೋಶೆಯ ಹೆಸರನ್ನೇ ಕೇಳದೆ ಸನ್ಮಾರ್ಗದಲ್ಲಿ ನಡೆದ ಅಸಂಖ್ಯ ಜನರಿಗೆ ಮುಕ್ತಿಯಿಲ್ಲವೆಂದು ಹೇಗೆ ಒಪ್ಪುವುದು ಎಂಬುದು ಅವನ ಪ್ರಶ್ನೆ. ಎಮ್ಡೆನ್ನನು ಮೈಮೊನಿಡೀಸನ ಪಕ್ಷವನ್ನೇ ಹಿಡಿದ.

ಅಗುಳಿ ಬಿದ್ದ ಈ ಬಾಗಿಲನ್ನೇ ಬೆನಮೊಜೆಗ್‌ನು ಪಾಲಿಯೇರನಿಗೆ ತೋರಿಸಿದ್ದು. ಅವನ ದೃಷ್ಟಿಯಲ್ಲಿ ನೋಹನ ಧರ್ಮ ಪರದೇಶಿಗೆ ಕೊಟ್ಟ ರಿಯಾಯಿತಿಯಲ್ಲ. ಅದೇ ಮಾನವಕುಲದ ಮೂಲಧರ್ಮ, ಇಸ್ರಾಯೇಲರು ಅದರ ಪುರೋಹಿತರು. ಪಾಲಿಯೇರನಿಗೆ ಮೊದಲು ನಿರಾಸೆಯಾಯಿತು. ಸುತ್ತ ಒಂದು ಸಮುದಾಯವಿಲ್ಲ, ಹಬ್ಬವಿಲ್ಲ, ಕೂಡಿ ಹಾಡುವವರಿಲ್ಲ. ಏಳು ವಿಧಿಗಳನ್ನು ಹಿಡಿದು ಒಬ್ಬನೇ ನಿಲ್ಲುವುದು ಸುಲಭವೆ? ಆದರೂ ಅವನು ನಿಂತ. 1900ರಲ್ಲಿ ತೀರಿಕೊಂಡ ಗುರುವಿನ ‘ಇಸ್ರಾಯೇಲ್ ಮತ್ತು ಮಾನವಕುಲ’ ಎಂಬ ಫ್ರೆಂಚ್ ಗ್ರಂಥವನ್ನು ಸಿದ್ಧಗೊಳಿಸಿ, 1914ರಲ್ಲಿ ಬೆಳಕಿಗೆ ತಂದವನು ಅವನೇ. 1926ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ. ಯೆಹೂದ್ಯರ ನಡುವೆ ಉಪನ್ಯಾಸ ಮಾಡುತ್ತ, ಯೆಹೂದ್ಯನಾಗದೆಯೇ ಬಾಳಿ, 1949ರಲ್ಲಿ ತೀರಿಕೊಂಡ.

ಇಂದು ನೋಹನ ಮಕ್ಕಳೆಂದು ಹೇಳಿಕೊಳ್ಳುವವರು ಅನೇಕ ದೇಶಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಮೂವರು ರಬ್ಬಿಗಳ ಮುಂದೆ ನಿಂತು ಆ ಹಳೆಯ ಮಾತನ್ನು ಹೇಳುತ್ತಾರೆ. ಕೇಳಿಸಿಕೊಳ್ಳುವ ರಬ್ಬಿಗಳೂ ಇದ್ದಾರೆ. ಜೂಬಿಲಿ ಮರಳುವ ತನಕ ಅದು ಸಲ್ಲದು ಎನ್ನುವವರೂ ಇದ್ದಾರೆ.